ಲಾಯದ ಲೆಕ್ಕ, ಲಾಯದ ಗುಮಾನಿ

ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ್ದ ತಾಳೆಗರಿಯ ಕಟ್ಟನ್ನು ಬಿಚ್ಚಿ ಓದಿದ ಆರ್. ಶಾಮಾಶಾಸ್ತ್ರಿಗಳು, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತು ಹಚ್ಚಿದರು. 1909ರಲ್ಲಿ ಗ್ರಂಥ ಮೈಸೂರಿನಲ್ಲೇ ಅಚ್ಚಾಯಿತು. ಗೂಢಚಾರರು, ವಿಷಪ್ರಯೋಗ, ರಾಜತಂತ್ರ ಎಂದು ಲೋಕವೆಲ್ಲ ಮಾತಾಡಿಕೊಂಡಿತು. ಎರಡನೆಯ ಅಧಿಕರಣದಲ್ಲಿರುವ ಅಶ್ವಾಧ್ಯಕ್ಷನ ಅಧ್ಯಾಯ ಯಾರ ಬಾಯಲ್ಲೂ ಅಷ್ಟಾಗಿ ಬರಲಿಲ್ಲ. ಇವತ್ತು ಕುದುರೆ ಸಾಕುವವರು ಮೊಬೈಲಿನಲ್ಲಿ ತೆರೆಯುವ ಲಾಯದ ಸಾಫ್ಟ್‌ವೇರಿನ ಮೊದಲ ಪುಟ ಹೆಚ್ಚುಕಮ್ಮಿ ಅಲ್ಲೇ ಇದೆ.

ತಳಿ, ವಯಸ್ಸು, ಬಣ್ಣ, ಸುಳಿ-ಗುರುತು, ಹುಟ್ಟಿದ ಸೀಮೆ: ಪ್ರತಿ ಕುದುರೆಗೂ ಇಷ್ಟನ್ನು ಬರೆದಿಡಬೇಕು. ಬಂದ ದಾರಿಯನ್ನೂ ಬರೆಯಬೇಕು. ಕೊಂಡದ್ದೋ, ಯುದ್ಧದಲ್ಲಿ ಹಿಡಿದದ್ದೋ, ಲಾಯದಲ್ಲೇ ಹುಟ್ಟಿದ್ದೋ, ಒತ್ತೆಗೆ ಬಂದದ್ದೋ, ನಾಲ್ಕು ದಿನದ ಮಟ್ಟಿಗೆ ಕಟ್ಟಿಹಾಕಿದ್ದೋ? ಮರಿ ಹಾಕಿದ ಹೆಣ್ಣುಕುದುರೆಗೆ ಮೂರು ದಿನ ಒಂದೊಂದು ಪ್ರಸ್ಥ (ಆ ಕಾಲದ ಒಂದು ಅಳತೆ) ತುಪ್ಪ. ಆಮೇಲೆ ಒಂದು ಪ್ರಸ್ಥ ಹಿಟ್ಟು, ಹತ್ತು ರಾತ್ರಿ ಔಷಧಿ ಬೆರೆಸಿದ ಎಣ್ಣೆ. ಲಾಯದ ಬಳಿ ಕೋತಿ, ನವಿಲು, ಮುಂಗುಸಿ, ಗಿಣಿ, ಗೊರವಂಕಗಳಿರಬೇಕು. ಆಶ್ವಯುಜದ ನವಮಿಗೆ ಕುದುರೆಗಳಿಗೆ ಆರತಿ ಎತ್ತಬೇಕು. ಮೈಸೂರು ಅರಮನೆಯಲ್ಲಿ ಪಟ್ಟದ ಕುದುರೆಗೆ ಪೂಜೆ ನಡೆಯುವುದೂ ಅದೇ ತಿಥಿಗೆ.

ಇಷ್ಟು ಮಮತೆಯ ನಡುವೆ ಒಂದು ಗಡುಸಾದ ಸಾಲಿದೆ. ವೈದ್ಯನ ಅಲಕ್ಷ್ಯದಿಂದ ಕುದುರೆಯ ಕಾಯಿಲೆ ಉಲ್ಬಣಿಸಿದರೆ ಚಿಕಿತ್ಸೆಯ ಖರ್ಚಿನ ಎರಡರಷ್ಟು ದಂಡ. ಸತ್ತರೆ ಕುದುರೆಯ ಬೆಲೆಯನ್ನೇ ಕಕ್ಕಬೇಕು. ಲಾಯದ ಕಡತಗಳ ಚರಿತ್ರೆಯ ಸುಳಿವು ಇಲ್ಲೇ ಸಿಗುತ್ತದೆ. ಕುದುರೆ ಮೋಸ ಮಾಡುವುದಿಲ್ಲ. ಮೇವು ಅಳೆಯುವವನು, ಔಷಧಿ ಕೊಡುವವನು, ಮಾರುವವನು ಮಾಡಬಹುದು. ಕಡತದ ಒಂದೊಂದು ಕಾಲಂ ಹುಟ್ಟಿದ್ದೂ ಒಂದೊಂದು ಗುಮಾನಿಯಿಂದ.

ದಿಲ್ಲಿಯ ಸುಲ್ತಾನರ ಗುಮಾನಿ ಸೈನಿಕರ ಮೇಲೆ. ಒಂದೇ ಕುದುರೆಯನ್ನು ಎರಡು ಸಲ ತೋರಿಸಿ, ಇಲ್ಲವೇ ಎರವಲು ತಂದ ಬಡಕಲು ತಟ್ಟುವನ್ನು ನಿಲ್ಲಿಸಿ ಸಂಬಳ ಹೊಡೆಯುವ ಚಾಳಿಯನ್ನು ತಡೆಯಲು ಅಲಾಉದ್ದೀನ್ ಖಿಲ್ಜಿ ಕುದುರೆಗೆ ಬರೆ ಹಾಕಿಸಿದ. ಅಕ್ಬರ್ ಅದನ್ನೇ ಮತ್ತೆ ಜಾರಿಗೆ ತಂದು, ಜೊತೆಗೆ ಚಹರೆಪಟ್ಟಿಯನ್ನೂ ಬರೆಸಿದ. ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಲಾಯದ ನೌಕರರನ್ನು ಹೆಸರು ಹಿಡಿದು ಪಟ್ಟಿ ಮಾಡುತ್ತಾನೆ: ಮೇಲ್ವಿಚಾರಣೆಯ ದರೋಗ, ಲೆಕ್ಕ ಬರೆಯುವ ಮುಶ್ರಿಫ್, ಲಾಳ ಕಟ್ಟುವವನು, ನೀರು ಹೊರುವವನು, ದೃಷ್ಟಿ ತಾಗದಂತೆ ಬೀಜ ಸುಟ್ಟು ಹೊಗೆ ಹಾಕುವವನು. ಹೊಗೆಯವನಿಗೂ ಸಂಬಳದ ಪಟ್ಟಿಯಲ್ಲಿ ಜಾಗ ಕೊಟ್ಟ ಆಡಳಿತವನ್ನು ಮೆಚ್ಚಲೇಬೇಕು.

ವಿಜಯನಗರದ ಕಥೆಯೇ ಬೇರೆ. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನುನಿಜ್ ಬರೆದಿಟ್ಟಂತೆ, ಅಲ್ಲಿನ ದೊರೆ ಸಾಳುವ ನರಸಿಂಹ ಹೊರ್ಮುಜ್, ಏಡನ್‌ಗಳಿಂದ ಕುದುರೆ ತರಿಸುತ್ತಿದ್ದ. ಕೇಳಿದಷ್ಟು ಬೆಲೆ ಕೊಡುತ್ತಿದ್ದ. ಹಡಗಿನಲ್ಲಿ ಸತ್ತ ಕುದುರೆಗೂ ದುಡ್ಡು ಸಿಗುತ್ತಿತ್ತು, ಬಾಲ ತಂದು ತೋರಿಸಿದರೆ ಸಾಕು. ಕುದುರೆಗಳಿಗಾಗಿ ಅಷ್ಟು ಹಸಿದಿದ್ದ ರಾಜ್ಯಕ್ಕೆ ವ್ಯಾಪಾರಿ ಮತ್ತೊಮ್ಮೆ ಬರುವುದೇ ಮುಖ್ಯ. ಆದರೂ ಬರೀ ಬಾಯಿಮಾತಿಗೆ ದುಡ್ಡು ಬಿಚ್ಚಲಿಲ್ಲ, ಪುರಾವೆಗೆ ಬಾಲ ಬೇಕೇ ಆಯಿತು.

ಇಂಗ್ಲೆಂಡಿನಲ್ಲಿ ರೇಸು ಜೋರಾದ ಮೇಲೆ ಸುಳ್ಳು ವಂಶಾವಳಿಗಳ ಕಾಟ ಶುರುವಾಯಿತು. 1791ರಲ್ಲಿ ಜೇಮ್ಸ್ ವೆದರ್‌ಬಿ 'ಜನರಲ್ ಸ್ಟಡ್ ಬುಕ್' ಹೊರತಂದದ್ದು ಅದಕ್ಕೇ. ಮೋಸ ಮಾತ್ರ ನಿಲ್ಲಲಿಲ್ಲ. 1844ರ ಎಪ್ಸಮ್ ಡರ್ಬಿ ಮೂರು ವರ್ಷದ ಕುದುರೆಗಳಿಗೆ ಮೀಸಲಾದ ಪಂದ್ಯ. ಗೆದ್ದದ್ದು ರನ್ನಿಂಗ್ ರೇನ್. ಅದರ ನಿಜವಾದ ಹೆಸರು ಮಕಾಬಿಯಸ್, ವಯಸ್ಸು ನಾಲ್ಕು. ಪ್ರಕರಣ ಕೋರ್ಟು ಹತ್ತಿತು. ಹಲ್ಲು ನೋಡಿ ವಯಸ್ಸು ಹೇಳಬೇಕು, ಕುದುರೆಯನ್ನು ತನ್ನಿ ಎಂದಾಗ ಕುದುರೆಯೇ ನಾಪತ್ತೆ! ಎರಡನೆಯದಾಗಿ ಬಂದ ಆರ್ಲ್ಯಾಂಡೊಗೆ ಡರ್ಬಿ ಸಂದಿತು. ಪುಸ್ತಕದಲ್ಲಿ ರನ್ನಿಂಗ್ ರೇನ್, ಮಕಾಬಿಯಸ್ ಎರಡೂ ಕುದುರೆಗಳ ವಿವರ ಸರಿಯಾಗಿದ್ದರೂ ಎದುರಿಗೆ ನಿಂತಿರುವುದು ಯಾವುದು ಎಂದು ಪುಸ್ತಕ ಹೇಳಲಾರದು.

ಆ ಕೊರತೆ ನೀಗಿದ್ದು ಮೈಕ್ರೋಚಿಪ್‌ನಿಂದ. ಅಕ್ಕಿಕಾಳಿನ ಗಾತ್ರದ ಚಿಪ್ಪನ್ನು ಕುತ್ತಿಗೆಯ ಎಡಭಾಗದಲ್ಲಿ, ಕೇಸರದ ಬುಡದ ಸ್ನಾಯುಬಂಧದೊಳಗೆ ಇಡುತ್ತಾರೆ. ಸ್ಕ್ಯಾನರ್ ಹಿಡಿದರೆ 15 ಅಂಕಿಗಳ ಸಂಖ್ಯೆ ಮೂಡುತ್ತದೆ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್‌ನ ಸ್ಟಡ್ ಫಾರ್ಮಿನಂಥ ಕಡೆ ಹುಟ್ಟುವ ಥರೋಬ್ರೆಡ್ ಮರಿಗಳ ನೋಂದಣಿ ಪುಣೆಯ ಸ್ಟಡ್ ಬುಕ್ ಪ್ರಾಧಿಕಾರದಲ್ಲಿ ನಡೆಯುತ್ತದೆ.

ದಿನನಿತ್ಯದ ಲೆಕ್ಕ ಮಾತ್ರ ಬಹುಕಾಲ ಮೇವಿನ ಕೋಣೆಯ ಗೋಡೆಯ ಮೇಲಿನ ಸೀಮೆಸುಣ್ಣದ ಬರಹವಾಗಿಯೇ ಉಳಿದಿತ್ತು. ಯಾವುದಕ್ಕೆ ಎಷ್ಟು ಓಟ್ಸ್, ಯಾವುದರ ಲಾಳ ಬದಲಿಸಿ ಆರು ವಾರವಾಯಿತು, ಜಂತುಹುಳದ ಔಷಧಿ ಯಾವಾಗ: ಒರೆಸಿದರೆ ಎಲ್ಲ ಹೋಯಿತು. ಸಾಫ್ಟ್‌ವೇರ್ ಇಲ್ಲಿ ಕೈಹಾಕಿತು. ಹೆಣ್ಣುಕುದುರೆ ಗಬ್ಬವಾದ ತಾರೀಕು ಕೊಟ್ಟರೆ ಸುಮಾರು 340 ದಿನ ಕೂಡಿಸಿ ಮರಿ ಹಾಕುವ ದಿನ ಹೇಳುತ್ತದೆ; ಲಾಳದವನ ಸರದಿ ನೆನಪಿಸುತ್ತದೆ; ತಿಂಗಳ ಕೊನೆಗೆ ಮಾಲೀಕರಿಗೆ ಬಿಲ್ಲು ಹಾಕುತ್ತದೆ. ಹಳೆಯ ಮುಶ್ರಿಫ್‌ನ ಕೆಲಸವೇ. ಯಾರು, ಎಷ್ಟು ಗಂಟೆಗೆ ನಮೂದಿಸಿದರು ಎಂಬುದನ್ನೂ ಹಿಡಿದಿಡಬಲ್ಲದು ಎಂಬುದಷ್ಟೇ ಹೊಸದು.

ಹೊಸ ಗುಮಾನಿಗೆ ಹೊಸ ಕಾಲಂ ಸೇರುವುದು ಇನ್ನೂ ನಿಂತಿಲ್ಲ. 2021ರ ಫೆಬ್ರುವರಿಯಲ್ಲಿ ಸ್ಪೇನಿನ ವಲೆನ್ಸಿಯಾದ ಕುದುರೆ ಕೂಟದಲ್ಲಿ ಇಎಚ್‌ವಿ-1 ಎಂಬ ಹರ್ಪಿಸ್ ವೈರಸ್ ಹಬ್ಬಿತು. ಯುರೋಪಿನಲ್ಲಿ 18 ಕುದುರೆಗಳು ಸತ್ತವು. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ನಿಯಮ ಬಿಗಿ ಮಾಡಿತು: ಸ್ಪರ್ಧೆಗೆ ಬರುವ ಕುದುರೆಯ ಮೈಬಿಸಿಯನ್ನು ದಿನಕ್ಕೆರಡು ಸಲ ಅಳೆದು ಬರೆದಿಡಬೇಕು. ಆರೋಗ್ಯ ಸರಿಯಿದೆಯೆಂಬ ಘೋಷಣೆಯನ್ನು ಒಕ್ಕೂಟದ ಮೊಬೈಲ್ ಆ್ಯಪ್‌ನಲ್ಲಿ ತುಂಬುವ ಪದ್ಧತಿಯೂ ಬಂತು. ಆ ಮೈಬಿಸಿಯ ಅಂಕಿ ಸಿಗಬೇಕಾದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಯಾರಾದರೂ ಬಾಲ ಎತ್ತಿ ಥರ್ಮಾಮೀಟರ್ ಇಡಲೇಬೇಕು.