ಸಣ್ಣ ತಳಿಯ ನಾಯಿಗಳಲ್ಲಿ ಕೃಶತೆ

ತಳಿಗೂ ವಯಸ್ಸಿಗೂ ತಕ್ಕ ತೂಕವಿಲ್ಲದೆ, ಕೊಬ್ಬಿನ ಜೊತೆಗೆ ಸ್ನಾಯುವೂ ಕರಗತೊಡಗಿದ ಸ್ಥಿತಿ. ಪಾಮೇರಿಯನ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್, ಡ್ಯಾಶ್‌ಹಂಡ್ ಮೊದಲಾದ ಸಣ್ಣ ತಳಿಗಳಲ್ಲಿ ಇದು ಬೇಗ ಬಿಗಡಾಯಿಸುತ್ತದೆ. ಎರಡು ಕಿಲೋ ತೂಗುವ ನಾಯಿ ನೂರು ಗ್ರಾಂ ಇಳಿದರೆ ದೇಹತೂಕದ ಶೇ. 5 ಹೋದಂತೆ. ಮನುಷ್ಯರ ತೂಕದ ಯಂತ್ರದಲ್ಲಿ ಇಷ್ಟು ಸಣ್ಣ ವ್ಯತ್ಯಾಸ ನೆಚ್ಚುವಂತೆ ಕಾಣುವುದಿಲ್ಲ. ಹಸುಗೂಸುಗಳ ತಕ್ಕಡಿ ಬೇಕು. ಕೃಶತೆ ತಾನಾಗಿಯೇ ಒಂದು ರೋಗವಲ್ಲ, ಲಕ್ಷಣ. ಆದ್ದರಿಂದ ಬಟ್ಟಲು ತುಂಬಿಸುವ ಮೊದಲು ಕಾರಣ ಹುಡುಕಬೇಕು.

ಗುರುತಿಸುವ ಬಗೆ

ಪಶುವೈದ್ಯರು ಬಳಸುವುದು 1ರಿಂದ 9ರವರೆಗಿನ ದೇಹಸ್ಥಿತಿ ಅಂಕ. ಅಮೆರಿಕದ ಪಶುಪೋಷಣಾ ತಜ್ಞೆ ಡಾಟಿ ಲಾಫ್ಲಾಮ್ 1997ರಲ್ಲಿ ಪ್ರಕಟಿಸಿದ ಈ ಅಳತೆಯಲ್ಲಿ 4 ಮತ್ತು 5 ಸರಿಯಾದ ಸ್ಥಿತಿ, 3 ಮತ್ತು ಅದಕ್ಕಿಂತ ಕೆಳಗಿನದು ಕೃಶತೆ. ಪಾಮೇರಿಯನ್‌ನಂಥ ದಟ್ಟ ರೋಮದ ನಾಯಿಯಲ್ಲಿ ಕಣ್ಣನ್ನು ನಂಬುವಂತಿಲ್ಲ, ಕೈಯಾಡಿಸಿಯೇ ನೋಡಬೇಕು. ಪಕ್ಕೆಲುಬು ಚಾಚಿದ ಅಂಗೈಯ ಹಿಂಬದಿಯಂತೆ ತಾಕಿದರೆ ಸರಿ, ಮುಷ್ಟಿ ಕಟ್ಟಿದಾಗಿನ ಗೆಣ್ಣುಗಳಂತೆ ತಾಕಿದರೆ ನಾಯಿ ಬಡಕಲಾಗಿದೆ. ಬೆನ್ನೆಲುಬಿನ ಎರಡೂ ಬದಿ ಗುಳಿಬಿದ್ದಿದ್ದರೆ ಸ್ನಾಯುವೂ ಕರಗಿದೆ ಎಂದರ್ಥ. ಎಲ್ಲ ತೆಳು ಮೈಯೂ ಕೃಶತೆಯಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಓಟಕ್ಕೆಂದೇ ಬೆಳೆದ ದೊಡ್ಡ ತಳಿ, ಅದರ ಸಪೂರ ಮೈಕಟ್ಟು ಆರೋಗ್ಯದ್ದೇ.

ಶಕ್ತಿಯ ಲೆಕ್ಕ

ಸಣ್ಣ ನಾಯಿ ಕಡಿಮೆ ತಿನ್ನುತ್ತದೆ ಎಂಬುದು ನಿಜ. ಆದರೆ ಕಿಲೋ ಲೆಕ್ಕದಲ್ಲಿ ಅದಕ್ಕೆ ದೊಡ್ಡ ನಾಯಿಗಿಂತ ಹೆಚ್ಚು ಶಕ್ತಿ ಬೇಕು. ಇದನ್ನು ಅಳೆದು ತೋರಿಸಿದ್ದು ನಾಯಿಗಳ ಮೇಲೆಯೇ. ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ಮ್ಯಾಕ್ಸ್ ರೂಬ್ನರ್ 1883ರಲ್ಲಿ ಸುಮಾರು 3 ಕಿಲೋದಿಂದ 31 ಕಿಲೋವರೆಗಿನ ನಾಯಿಗಳು ಹೊರಸೂಸುವ ಶಾಖವನ್ನು ಲೆಕ್ಕಹಾಕಿದರು. ಅತಿ ಚಿಕ್ಕ ನಾಯಿ ಕಿಲೋವೊಂದಕ್ಕೆ ಅತಿ ದೊಡ್ಡದರ ಎರಡು ಪಟ್ಟಿಗೂ ಹೆಚ್ಚು ಶಾಖ ಕಳೆಯುತ್ತಿತ್ತು. ಚರ್ಮದ ವಿಸ್ತೀರ್ಣಕ್ಕೆ ಹೋಲಿಸಿದಾಗ ಈ ಅಂತರ ಬಹುಮಟ್ಟಿಗೆ ಮಾಯವಾಯಿತು. ಶಾಖನಷ್ಟ ಮೈಯ ಮೇಲ್ಮೈಯನ್ನು ಅನುಸರಿಸುತ್ತದೆ ಎಂಬ ರೂಬ್ನರ್ ನಿಯಮ ಅರ್ಧ ಶತಮಾನ ನಿಂತಿತು. ಜ್ಯೂರಿಕ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ದುಡಿದ ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಇಲಿಯಿಂದ ಹೋರಿಯವರೆಗಿನ ಅಂಕಿಅಂಶಗಳನ್ನು ಒಟ್ಟಿಗಿಟ್ಟು, ಶಕ್ತಿಯ ಬಳಕೆ ದೇಹತೂಕದ ಮುಕ್ಕಾಲು ಘಾತಕ್ಕೆ ಹೆಚ್ಚು ಹೊಂದುತ್ತದೆ ಎಂದರು. ಒಂದೇ ಜಾತಿಯೊಳಗಿನ ತಳಿಗಳಿಗೆ ಈ ಘಾತ ಎಷ್ಟು ಸಲ್ಲುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ; ಚಿಕಿತ್ಸಾಲಯಗಳಲ್ಲಿ ಮಾತ್ರ ಕ್ಲೈಬರ್ ಲೆಕ್ಕವೇ ರೂಢಿ.

ತೂಕವನ್ನು (ಕಿಲೋಗಳಲ್ಲಿ) ಘನ ಮಾಡಿ, ಎರಡು ಬಾರಿ ವರ್ಗಮೂಲ ತೆಗೆದು, 70ರಿಂದ ಗುಣಿಸಿದರೆ ವಿಶ್ರಾಂತಿಯ ದಿನವೊಂದಕ್ಕೆ ಬೇಕಾದ ಕಿಲೋಕ್ಯಾಲೊರಿ ಸಿಗುತ್ತದೆ. ಮೂರು ಕಿಲೋ ನಾಯಿಗೆ ಇದು ಸುಮಾರು 160, ಮೂವತ್ತು ಕಿಲೋ ನಾಯಿಗೆ ಸುಮಾರು 900. ತೂಕ ಹತ್ತು ಪಟ್ಟಾದರೂ ಅಗತ್ಯ ಆರು ಪಟ್ಟೂ ಆಗಲಿಲ್ಲ. ಸಂತಾನಹರಣ ಚಿಕಿತ್ಸೆಯಾದ ವಯಸ್ಕ ನಾಯಿಯ ನಿತ್ಯದ ಓಡಾಟಕ್ಕೆ ಇದರ 1.6 ಪಟ್ಟು, ಅಂದರೆ ಮೂರು ಕಿಲೋ ನಾಯಿಗೆ 255ರ ಆಸುಪಾಸು, ಸಾಮಾನ್ಯವಾಗಿ ಸಾಕು. ತೂಕ ಏರಿಸುವಾಗ ಈಗಿನ ತೂಕದ ಮೇಲಲ್ಲ, ತಲುಪಬೇಕಾದ ತೂಕದ ಮೇಲೆ ಲೆಕ್ಕ ಹಾಕುವುದುಂಟು. ಯಾವ ಸಂಖ್ಯೆಯೂ ಆರಂಭದ ಅಂದಾಜು ಮಾತ್ರ. ವಾರವಾರದ ತೂಕ ನೋಡಿ ತಿದ್ದಿಕೊಳ್ಳಬೇಕು.

ಕಾರಣಗಳು

ಮೊದಲು ಬಾಯಿ ತೆರೆದು ನೋಡಬೇಕು. ಪುಟ್ಟ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿರುತ್ತವೆ, ಹಾಲುಹಲ್ಲು ಉದುರದೆ ಉಳಿಯುವುದೂ ಉಂಟು, ವಸಡು ಬೇಗ ಕೊಳೆಯುತ್ತದೆ. ಬಟ್ಟಲಿನವರೆಗೆ ಬಂದು ಮೂಸಿ, ಒಂದು ಕಾಳು ಬಾಯಿಗೆ ಹಾಕಿ ಕೆಳಗೆ ಬೀಳಿಸುವ ನಾಯಿಗೆ ಹಸಿವಿಲ್ಲವೆಂದಲ್ಲ, ನೋವಿರಬಹುದು. ಮರಿಗಳಲ್ಲಿ ದುಂಡುಹುಳು ಮತ್ತು ಕೊಕ್ಕೆಹುಳು ಸಾಮಾನ್ಯ. ಕೊಕ್ಕೆಹುಳು ರಕ್ತ ಹೀರುವುದರಿಂದ ವಸಡು ಬಿಳಚುತ್ತದೆ. ಉಣ್ಣೆಯಿಂದ ಹರಡುವ ಎರ್ಲಿಕಿಯಾ, ಬೆಬೀಸಿಯಾ ಜ್ವರಗಳು ಇಲ್ಲಿನ ನಾಯಿಗಳನ್ನು ಸದ್ದಿಲ್ಲದೆ ಸೊರಗಿಸುತ್ತವೆ. ಯಾರ್ಕ್‌ಶೈರ್ ಟೆರಿಯರ್‌ಗಳಲ್ಲಿ ಯಕೃತ್ತನ್ನು ಬಳಸಿ ಹೋಗುವ ಹುಟ್ಟು ರಕ್ತನಾಳದ ದೋಷ, ಕರುಳಿನಿಂದ ಪ್ರೋಟೀನ್ ಸೋರುವಿಕೆ ಎರಡನ್ನೂ ನೆನಪಿಡಬೇಕು. ಚೆನ್ನಾಗಿ ತಿಂದೂ ಇಳಿಯುತ್ತಿದ್ದರೆ ಮಧುಮೇಹ, ಮೇದೋಜೀರಕ ಗ್ರಂಥಿಯ ಕೊರತೆ. ಮುದಿ ನಾಯಿಯಲ್ಲಿ ಮೂತ್ರಪಿಂಡ, ಹೃದಯ, ಗಡ್ಡೆ.

ಆಹಾರ

ನಮ್ಮ ಮನೆಗಳ ಮೊಸರನ್ನ, ಹಾಲನ್ನ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ವಯಸ್ಕ ನಾಯಿಯ ಆಹಾರದಲ್ಲಿ, ನೀರಿನಂಶ ಕಳೆದ ಲೆಕ್ಕದಲ್ಲಿ, ಕನಿಷ್ಠ ಶೇ. 18 ಪ್ರೋಟೀನ್ ಇರಬೇಕೆಂಬುದು ಅಮೆರಿಕದ ಮಾನದಂಡ. ಅಕ್ಕಿಯಲ್ಲಿರುವುದು ಅದರ ಅರ್ಧಕ್ಕಿಂತ ಕಡಿಮೆ. ತುಪ್ಪ ಸುರಿಯುವುದು ಇನ್ನೊಂದು ರೂಢಿ. ಒಂದು ಚಹಾ ಚಮಚ ತುಪ್ಪ ಸುಮಾರು 45 ಕಿಲೋಕ್ಯಾಲೊರಿ, ಮೂರು ಕಿಲೋ ನಾಯಿಯ ದಿನದ ಅಗತ್ಯದ ಆರರಲ್ಲೊಂದು ಪಾಲು. ಅದರಲ್ಲಿ ಪ್ರೋಟೀನ್ ಇಲ್ಲ, ಖನಿಜವಿಲ್ಲ. ಕೆಲವು ನಾಯಿಗಳಿಗೆ ಜಿಡ್ಡು ಮೇದೋಜೀರಕದ ಉರಿಯೂತ ತರುತ್ತದೆ.

ಸಮತೋಲಿತ ಮರಿ-ಆಹಾರ ಹೆಚ್ಚು ಸಾಂದ್ರವಾದ್ದರಿಂದ ರೋಗವಿಲ್ಲದ ವಯಸ್ಕ ನಾಯಿಗೂ ಒದಗುತ್ತದೆ. ಅದನ್ನು ಒಂದು ವಾರದಲ್ಲಿ ಹಂತಹಂತವಾಗಿ ಬೆರೆಸಿ, ದಿನಕ್ಕೆ ಮೂರು ನಾಲ್ಕು ಹೊತ್ತು, ವಾಸನೆ ಏಳುವಂತೆ ಉಗುರುಬೆಚ್ಚಗೆ ಕೊಡಬೇಕು. ಬೇಯಿಸಿದ ಕೋಳಿ, ಮೊಟ್ಟೆ ಜೊತೆಗಿರಬಹುದು, ದಿನದ ಕ್ಯಾಲೊರಿಯ ಹತ್ತನೇ ಒಂದಂಶ ಮೀರದಂತೆ. ಉಳಿದ ಸಾಂಬಾರು, ಸಾರು ಹಾಕಬಾರದು: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ, ಜೈಲಿಟಾಲ್ ಎಂಬ ಸಿಹಿಕಾರಕ ಬೆರೆತ ಶೇಂಗಾ ಬೆಣ್ಣೆ ಕೂಡ ನಿಷಿದ್ಧ.

ಮರುಪೋಷಣೆಯ ಅಪಾಯ

ಬಹುದಿನ ಉಪವಾಸವಿದ್ದ ನಾಯಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ರಕ್ತದಲ್ಲಿ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಥಟ್ಟನೆ ಕುಸಿದು ಸಾವೂ ಸಂಭವಿಸಬಹುದು. ಎರಡನೇ ಮಹಾಯುದ್ಧದ ಕೊನೆಗೆ ಬಿಡುಗಡೆಯಾದ ಕೈದಿಗಳಲ್ಲಿ ವೈದ್ಯರು ಇದನ್ನು ಗುರುತಿಸಿದ್ದರು. ಇಂಥ ನಾಯಿಗೆ ವೈದ್ಯರ ಕಣ್ಗಾವಲಿನಲ್ಲಿ, ವಿಶ್ರಾಂತಿ ಅಗತ್ಯದ ಕಾಲು ಭಾಗದಿಂದ ಆರಂಭಿಸಿ ದಿನದಿನಕ್ಕೆ ಏರಿಸುತ್ತಾರೆ. ಪುಟ್ಟ ತಳಿಯ ಮರಿಗಳ ಅಪಾಯ ಬೇರೆ: ಕೆಲವೇ ಗಂಟೆ ತಿನ್ನದಿದ್ದರೂ ರಕ್ತದ ಸಕ್ಕರೆ ಇಳಿದು ತೂರಾಡುವುದು, ಸೆಟೆದುಕೊಳ್ಳುವುದು ಕಾಣಬಹುದು. ಆಗ ವಸಡಿಗೆ ಸ್ವಲ್ಪ ಸಕ್ಕರೆಪಾಕ ಸವರಿ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.