ಎರಡು ‘ಎಲ್’ ಪದಗಳು: ಕೋರ ಸೀಮೆಯ ಆಡುಮಾತಿನಿಂದ ಒಂದು ಟಿಪ್ಪಣಿ

ಇಂಗ್ಲಿಷಿನಲ್ಲಿ ಎರಡು ‘ಎಲ್’ ಅಕ್ಷರಗಳಿಂದ ಮುಗಿಯುವ ಚಿಕ್ಕ ಪದಗಳು ಬಹಳ. ಬಿಲ್, ಮಿಲ್, ಬೆಲ್, ಸೆಲ್, ಫುಲ್ ಒಂದು ಕಡೆ. ಹಾಲ್, ಬಾಲ್, ಕಾಲ್, ರೋಲ್, ಟೋಲ್ ಇನ್ನೊಂದು ಕಡೆ. ಬರವಣಿಗೆಯಲ್ಲಿ ಎಲ್ಲದರ ಕೊನೆಯೂ ಒಂದೇ. ತುಮಕೂರು ತಾಲ್ಲೂಕಿನ ಕೋರ ಹೋಬಳಿಯ ಆಡುಮಾತಿನಲ್ಲಿ ಮಾತ್ರ ಇವು ಎರಡು ಪಂಗಡಗಳಾಗಿ ಒಡೆಯುತ್ತವೆ. ಮೊದಲ ಪಂಗಡ ಬಿಲ್ಲು, ಮಿಲ್ಲು, ಬೆಲ್ಲು, ಸೆಲ್ಲು, ಫುಲ್ಲು ಎಂದಾಗುತ್ತದೆ. ಎರಡನೆಯದು ಹಾಲು, ಬಾಲು, ಕಾಲು, ರೋಲು, ಟೋಲು ಎಂದು. ಈ ಒಡಕಿಗೆ ಕಾರಣವೇನು, ಅರ್ಥದ ಮೇಲೆ ಅದರ ಪರಿಣಾಮವೇನು ಎಂಬುದು ಈ ಟಿಪ್ಪಣಿಯ ವಿಷಯ. ಈ ರೂಪಗಳು ಕೋರಕ್ಕಷ್ಟೇ ಸೀಮಿತವಲ್ಲ. ಗುಬ್ಬಿ, ಕುಣಿಗಲ್ ಕಡೆಯೂ ಕೇಳಿಬರುತ್ತವೆ. ಆದರೆ ಹೆದ್ದಾರಿಯೂ ವಸಂತನರಸಾಪುರದ ಕೈಗಾರಿಕಾ ಪ್ರದೇಶವೂ ಇರುವ ಈ ಹೋಬಳಿಯಲ್ಲಿ ಹೊಲದ ಮಾತು, ಕಾರ್ಖಾನೆಯ ಮಾತು ಎರಡನ್ನೂ ಒಟ್ಟಿಗೆ ಕೇಳಬಹುದು.

ಇಂಗ್ಲಿಷ್ ಕಾಗುಣಿತ ಇಲ್ಲಿ ಯಾವ ಕೆಲಸವನ್ನೂ ಮಾಡುತ್ತಿಲ್ಲ. ‘ಬಿಲ್’ ಎಂಬಲ್ಲಿ ಬರೆಯುವುದು ಎರಡು ಎಲ್ ಆದರೂ ಇಂಗ್ಲಿಷರು ಉಚ್ಚರಿಸುವುದು ಒಂದೇ ಲಕಾರವನ್ನು. ಒಂದೇ ವ್ಯಂಜನದಿಂದ ಮುಗಿಯುವ ಬಸ್, ಪೆನ್, ಪಿನ್, ನಟ್ ಕೂಡ ಬಸ್ಸು, ಪೆನ್ನು, ಪಿನ್ನು, ನಟ್ಟು ಆಗುತ್ತವೆ. ಹಾಗಾಗಿ ತೀರ್ಮಾನ ಮಾಡುವುದು ಕೊನೆಯ ಅಕ್ಷರವಲ್ಲ, ಅದರ ಹಿಂದಿನ ಸ್ವರ. ಸ್ವರ ಹ್ರಸ್ವವಾದರೆ ವ್ಯಂಜನಕ್ಕೆ ದ್ವಿತ್ವ ಬಂದು ಉಕಾರ ಸೇರುತ್ತದೆ. ದೀರ್ಘವಾದರೆ ಉಕಾರವಷ್ಟೇ ಸಾಕು. ಸೀಟು, ಗೇಟು, ಬೂಟು, ಕಾರು, ಫೋನು ಈ ಎರಡನೆಯ ದಾರಿಯವು. ಹ್ರಸ್ವ, ದೀರ್ಘಗಳನ್ನು ಅಳೆಯುವುದೂ ಕನ್ನಡದ ಕಿವಿಯೇ. ಬ್ಯಾಗ್, ಬ್ಯಾಟ್, ಗ್ಯಾಸ್ ಪದಗಳ ಸ್ವರ ಇಂಗ್ಲಿಷಿನಲ್ಲಿ ಹ್ರಸ್ವವೆಂದೇ ಎಣಿಕೆ. ನಮಗೆ ಅದು ದೀರ್ಘವಾಗಿ ಕೇಳುವುದರಿಂದ ಬ್ಯಾಗು, ಬ್ಯಾಟು, ಗ್ಯಾಸು ಎನ್ನುತ್ತೇವೆ.

ಇದು ಇಂಗ್ಲಿಷಿಗಾಗಿ ಹೊಸದಾಗಿ ಹುಟ್ಟಿದ ನಿಯಮವಲ್ಲ. ಹಳಗನ್ನಡದಲ್ಲಿ ವ್ಯಂಜನದಿಂದ ಮುಗಿಯುತ್ತಿದ್ದ ಕಲ್, ಕಣ್, ಮಣ್, ಬಿಲ್, ಮುಳ್, ಪೊನ್ ಮುಂದೆ ಕಲ್ಲು, ಕಣ್ಣು, ಮಣ್ಣು, ಬಿಲ್ಲು, ಮುಳ್ಳು, ಹೊನ್ನು ಆದವು. ಕಾಲ್, ಪಾಲ್, ಮೀನ್, ತೇರ್, ಜೇನ್ ದ್ವಿತ್ವವಿಲ್ಲದೆ ಕಾಲು, ಹಾಲು, ಮೀನು, ತೇರು, ಜೇನು ಆದವು. 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ಕ್ಕೆ ವ್ಯಂಜನಾಂತ ಪದಗಳು ಸಹಜವಾಗಿದ್ದವು. 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟಿನಲ್ಲಿ ಹಳೆಯ ವ್ಯಂಜನಾಂತ ರೂಪವೂ ಉಕಾರಾಂತ ರೂಪವೂ ಜೊತೆಯಾಗಿ ಸಿಗುತ್ತವೆ. ಸಮಾಸದಲ್ಲಿ ಹಳೆಯ ರೂಪ ಇಂದಿಗೂ ಉಳಿದಿದೆ: ಕಲ್ನಾರು, ಕಣ್ಮರೆ, ಕಾಲ್ನಡಿಗೆ. ಇಂಗ್ಲಿಷಿನಿಂದ ಬಂದವೂ ಹಾಗೆಯೇ ನಡೆಯುತ್ತವೆ. ಒಂಟಿಯಾಗಿ ನಿಂತಾಗ ಬಸ್ಸು, ಜೋಡಿಯಾದಾಗ ಬಸ್‌ಸ್ಟ್ಯಾಂಡು. ‘ಬಸ್ಸು ಫುಲ್ಲು’ ಎನ್ನುವ ಬಾಯಿಯೇ ‘ಫುಲ್ ಸುಸ್ತು’ ಎನ್ನುತ್ತದೆ.

ಎರಡು ಕಡೆ ಈ ನಿಯಮ ಪೂರ್ತಿ ಕೂಡುವುದಿಲ್ಲ. ಒಂದಕ್ಕಿಂತ ಹೆಚ್ಚು ಅಕ್ಷರಗಳ ಅಚ್ಚಗನ್ನಡ ಪದಗಳಲ್ಲಿ ಕೊನೆಯ ಸ್ವರ ಹ್ರಸ್ವವಾದರೂ ದ್ವಿತ್ವವಿಲ್ಲ: ಬಾಗಿಲು, ಮುಗಿಲು, ಬೆರಳು. ಇಂಗ್ಲಿಷ್ ಪದಗಳಲ್ಲಿ ಅಲ್ಲಿಯೂ ದ್ವಿತ್ವವಿದೆ: ಸೈಕಲ್ಲು, ಟೇಬಲ್ಲು, ಮಾರ್ಕೆಟ್ಟು, ಪೆನ್ಷನ್ನು. ಅಂದರೆ ಹಳೆಯ ನಿಯಮ ಎರವಲು ಪದಗಳಲ್ಲಿ ತನ್ನ ವ್ಯಾಪ್ತಿಯನ್ನು ಹಿಗ್ಗಿಸಿಕೊಂಡಿದೆ. ‘ಟಿಕೆಟ್’ ಪದ ಇದಕ್ಕೆ ಒಳ್ಳೆಯ ಸಾಕ್ಷಿ. ಹಳಬರ ಬಾಯಲ್ಲಿ ಅದು ಟಿಕೀಟು, ಈಚಿನವರಲ್ಲಿ ಟಿಕೆಟ್ಟು. ಒಬ್ಬರು ಸ್ವರವನ್ನು ಎಳೆದರು, ಇನ್ನೊಬ್ಬರು ವ್ಯಂಜನವನ್ನು ಒತ್ತಿದರು. ಉಕಾರಕ್ಕೆ ಮುಂಚೆ ಒಂದು ಗುರು ಇರಲೇಬೇಕು ಎಂಬ ಒತ್ತಾಯ ಇಬ್ಬರದೂ. ಎರಡನೆಯ ಅಪವಾದ ರಕಾರ. ಡಾಕ್ಟರು, ಟ್ರ್ಯಾಕ್ಟರು, ಮೋಟರುಗಳಲ್ಲಿ ಅದು ಇಮ್ಮಡಿಸದು. ಅಚ್ಚಗನ್ನಡದ ‘ಹೆಸರು’ ಪದದಲ್ಲೂ ಇಮ್ಮಡಿಸದು.

ಇನ್ನು ಅರ್ಥ. ‘ಮಿಲ್ಲು’ ಎಂದರೆ ಹಳ್ಳಿಯಲ್ಲಿ ಮೊದಲು ತಿಳಿಯುವುದು ರಾಗಿ ಬೀಸಿಸುವ ಹಿಟ್ಟಿನ ಮಿಲ್ಲು, ಆಮೇಲೆ ಕೊಬ್ಬರಿಯ ಎಣ್ಣೆ ಮಿಲ್ಲು. ‘ಬಿಲ್ಲು’ ಕರೆಂಟಿನದು, ಇಲ್ಲವೇ ಪಂಚಾಯ್ತಿ ಕಾಮಗಾರಿಯದು. ‘ಬಿಲ್ಲು ಪಾಸಾಯ್ತು’ ಎಂದರೆ ದುಡ್ಡು ಕೈಗೆ ಬರುವ ದಾರಿ ತೆರೆಯಿತು ಎಂದು. ಶಾಸನಸಭೆಯ ಬಿಲ್ ಮಾತ್ರ ‘ಮಸೂದೆ’. ‘ಬ್ಯಾಟ್ರಿಗೆ ಸೆಲ್ಲು ಹಾಕು’ ಎಂಬ ಮಾತಿನಲ್ಲಿ ಎರಡು ಪದಗಳೂ ಜಾಗ ಬದಲಿಸಿವೆ: ಬ್ಯಾಟ್ರಿ ಎಂದರೆ ಟಾರ್ಚು, ಸೆಲ್ಲು ಎಂದರೆ ಅದರೊಳಗಿನ ಬ್ಯಾಟರಿ. ‘ಬೋರ್‌ವೆಲ್’ನಲ್ಲಿ ಎರಡು ಎಲ್ ಇರುವ ಅರ್ಧವೇ ಉದುರಿ, ‘ಬೋರು ಹಾಕ್ಸಿದ್ರೂ ನೀರು ಬರ್ಲಿಲ್ಲ’ ಎಂಬಲ್ಲಿ ಬೋರು ಒಂದೇ ಉಳಿದಿದೆ.

ಉಕಾರ ಸೇರಿದ ಮೇಲೆ ಕೆಲವು ಪದಗಳು ಅಚ್ಚಗನ್ನಡ ಪದಗಳಿಗೆ ಡಿಕ್ಕಿ ಹೊಡೆಯುತ್ತವೆ. ಬಿಲ್ಲಿಗೆ ತೊಂದರೆಯಿಲ್ಲ, ಬಾಣದ ಬಿಲ್ಲು ದಿನದ ಮಾತಿನಿಂದ ದೂರ ಸರಿದಿದೆ. ಹಾಲು, ಕಾಲು ಹಾಗಲ್ಲ, ಎರಡೂ ದಿನನಿತ್ಯದ ಪದಗಳು. ಕರೆಯ ಅರ್ಥದಲ್ಲಿ ‘ಕಾಲು ಬಂತು’ ಎನ್ನುವುದಕ್ಕಿಂತ ‘ಫೋನು ಬಂತು’ ಎನ್ನುವವರೇ ಹೆಚ್ಚು. ಕೋಣೆಯ ಅರ್ಥದಲ್ಲಿ ‘ಹಾಲ್‌ನಲ್ಲಿ ಕೂತ್ಕೊಳ್ಳಿ’ ಎಂದು ಉಕಾರವಿಲ್ಲದೆ ಆಡುವುದೂ, ಸ್ವರವನ್ನು ಇಂಗ್ಲಿಷಿನ ಕಡೆಗೆ ತುಸು ವಾಲಿಸುವುದೂ ಗೊಂದಲ ತಪ್ಪಿಸುವ ಉಪಾಯಗಳೆಂದು ನನ್ನ ಊಹೆ.

ಪತ್ರಿಕೆಗಳು ಈಗ ಬಿಲ್, ಟೋಲ್, ಬಸ್ ಎಂದು ವ್ಯಂಜನಾಂತವಾಗಿಯೇ ಅಚ್ಚು ಮಾಡುತ್ತವೆ. ಬಿಲ್‌ಗೆ, ಬಸ್‌ನಲ್ಲಿ ಎಂದು ವಿಭಕ್ತಿ ಹಚ್ಚುತ್ತವೆ. ಆಡುಮಾತಿನಲ್ಲಿ ಬಿಲ್ಲಿಗೆ, ಬಸ್ಸಲ್ಲಿ ಎಂಬ ದ್ವಿತ್ವ ಗಟ್ಟಿಯಾಗಿ ನಿಂತಿದೆ. ನಿಘಂಟು ಕಟ್ಟುವವರು ‘ಬಿಲ್’ ಎಂಬ ಒಂದೇ ರೂಪ ಕೊಟ್ಟರೆ ಅರ್ಧ ಸಂಗತಿ ತಪ್ಪಿಹೋಗುತ್ತದೆ. ಚತುರ್ಥಿಯ ರೂಪವನ್ನೂ ಪಕ್ಕದಲ್ಲಿ ನಮೂದಿಸಬೇಕು: ಬಿಲ್ಲಿಗೆ, ಟೋಲಿಗೆ, ಸೈಕಲ್ಲಿಗೆ. ಎರವಲು ಪದ ಕನ್ನಡದಲ್ಲಿ ಯಾವ ಪಂಗಡಕ್ಕೆ ಸೇರಿದೆ ಎಂಬುದು ಆ ಒಂದು ರೂಪದಿಂದಲೇ ತಿಳಿಯುತ್ತದೆ.