ಕ್ರೀಕಿಂಗ್: ಬೆಟ್ಟದ ತೊರೆಗಳಲ್ಲಿ ಕಯಾಕ್

ಬಂಡೆಗಳಿಂದ ಕಿಕ್ಕಿರಿದ, ಕಡಿದಾದ ಬೆಟ್ಟದ ತೊರೆಗಳಲ್ಲಿ ಒಬ್ಬರೇ ಕೂರುವ ಕಯಾಕ್ ದೋಣಿಯನ್ನು ಇಳಿಸುವ ಕ್ರೀಡೆ ಕ್ರೀಕಿಂಗ್. ದೊಡ್ಡ ನದಿಯಲ್ಲಿ ಕಯಾಕರ್ ಸೆಣಸುವುದು ನೀರಿನ ಗಾತ್ರದೊಂದಿಗೆ. ತೊರೆಯಲ್ಲಿ ನೀರು ಕಡಿಮೆ, ಇಳಿಜಾರು ಹೆಚ್ಚು, ಕಲ್ಲು ಎಲ್ಲೆಲ್ಲೂ. ಕಿಲೋಮೀಟರಿಗೆ ಸುಮಾರು 20 ಮೀಟರಿಗಿಂತ ಹೆಚ್ಚು ಇಳಿಯುವ ಹರಿವನ್ನು ಸಾಮಾನ್ಯವಾಗಿ ಈ ಗುಂಪಿಗೆ ಸೇರಿಸುತ್ತಾರೆ. ಎಲ್ಲರೂ ಒಪ್ಪಿದ ಖಚಿತ ಗಡಿಯೇನೂ ಇಲ್ಲ.

ರಭಸದ ಕಷ್ಟವನ್ನು ಸೂಚಿಸುವ ಅಂತರರಾಷ್ಟ್ರೀಯ ಮಾಪನದಲ್ಲಿ ಆರು ದರ್ಜೆಗಳಿವೆ. ಕ್ರೀಕಿಂಗ್ ಬಹುಮಟ್ಟಿಗೆ ನಾಲ್ಕನೆಯ ಮತ್ತು ಐದನೆಯ ದರ್ಜೆಯದು. ಆದರೆ ಅಂಕಿ ನೋಡಿ ಅಪಾಯ ಅಳೆಯಲಾಗದು. ಒಂದರ ಮೇಲೊಂದು ಬಿದ್ದ ಬಂಡೆಗಳ ಸಂದಿನಲ್ಲಿ ನೀರು ಜರಡಿಯಲ್ಲಿ ಸೋಸಿದಂತೆ ಹಾದುಹೋಗುತ್ತದೆ, ಮನುಷ್ಯ ಮಾತ್ರ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಬುಡ ಕೊರೆದುಹೋದ ಬಂಡೆ, ಅಡ್ಡಬಿದ್ದ ಮರ, ದೋಣಿಯ ಮೂತಿ ನಾಟಿಕೊಳ್ಳುವ ಸಂದು, ಇವೆಲ್ಲ ನೋಡಲು ಸೌಮ್ಯವಾದ ನೀರಿನಲ್ಲೂ ಇರಬಹುದು. ಆದ್ದರಿಂದ ಅನುಭವಿಗಳು ಕಣ್ಣಿಗೆ ತಳ ಕಾಣದ ಪ್ರತಿ ಇಳಿತದ ಮುನ್ನ ದಡಕ್ಕೆ ಬಂದು, ನಡೆದು ನೋಡುತ್ತಾರೆ. ಒಬ್ಬರು ಎಸೆಹಗ್ಗದ ಚೀಲ ಹಿಡಿದು ಕೆಳಗೆ ನಿಂತ ಮೇಲೆಯೇ ಇನ್ನೊಬ್ಬರು ಇಳಿಯುತ್ತಾರೆ. ದೋಣಿ ಹೊತ್ತು ದಡದಲ್ಲೇ ದಾಟುವುದು ಇಲ್ಲಿ ಅವಮಾನವಲ್ಲ.

ಬೂಫ್

ಕ್ರೀಕಿಂಗ್‌ನ ಎಲ್ಲ ಕೌಶಲಗಳ ನಡುವೆ, ಇಳಿತದ ಅಂಚಿನಿಂದ ದೋಣಿಯನ್ನು ಮೂತಿಯೆತ್ತಿ ಮಟ್ಟಸವಾಗಿ ಹಾರಿಸುವ ಬೂಫ್‌ಗೇ ಮೊದಲ ಸ್ಥಾನ. ಧುಮುಕುವ ನೀರು ತಳದಲ್ಲಿ ಮಗುಚಿ ಮೇಲ್ಭಾಗದಲ್ಲಿ ಹಿಂದಕ್ಕೆ, ಧಾರೆಯ ಕಡೆಗೇ ಹರಿಯುತ್ತದೆ. ಮೂತಿ ಕೆಳಗಾಗಿ ಬಿದ್ದ ದೋಣಿ ಈ ಸುಳಿಯೊಳಗೆ ಮುಳುಗಿ, ಎದ್ದು, ಮತ್ತೆ ಧಾರೆಯಡಿಗೆ ಸೆಳೆಯಲ್ಪಡುತ್ತದೆ. ಬೂಫ್ ಮಾಡುವವರು ಅಂಚಿನ ತನಕ ಕಾಯುತ್ತಾರೆ. ಮೂತಿ ಅಂಚು ದಾಟುವ ಹೊತ್ತಿಗೆ, ಧುಮ್ಮಿಕ್ಕುವ ಅಂಚಿನಲ್ಲೇ ಹುಟ್ಟನ್ನು ಆಳವಾಗಿ ಊರಿ, ಬಲವಾಗಿ ಸೊಂಟದ ತನಕ ಎಳೆಯುತ್ತಾರೆ. ಅದೇ ಗಳಿಗೆಯಲ್ಲಿ ಮೊಣಕಾಲುಗಳಿಂದ ಮೂತಿಯನ್ನು ಮೇಲಕ್ಕೆತ್ತುತ್ತಾರೆ. ಹುಟ್ಟು ಬೇಗ ಬಿದ್ದರೆ ಎತ್ತುವ ಬಲ ಅಂಚಿಗೆ ಮುಂಚೆಯೇ ಮುಗಿದಿರುತ್ತದೆ, ತಡವಾದರೆ ಮೂತಿ ಆಗಲೇ ಕೆಳಗಿಳಿದಿರುತ್ತದೆ. ಸರಿಯಾಗಿ ಕೂಡಿಬಂದರೆ ದೋಣಿ ಸುಳಿಯನ್ನು ದಾಟಿ ಮಟ್ಟಸವಾಗಿ ಇಳಿದು, ಮುಂದಕ್ಕೆ ಸಾಗುತ್ತಲೇ ಇರುತ್ತದೆ. ನೀರು ಮುಟ್ಟುವ ಹೊತ್ತಿಗೆ ಮೈ ಮುಂದಕ್ಕೆ ಬಾಗಿರಬೇಕು.

ಇದಕ್ಕೊಂದು ಮಿತಿಯಿದೆ. ಎತ್ತರದಿಂದ, ನೊರೆಯಿಲ್ಲದ ಗಟ್ಟಿ ನೀರಿನ ಮೇಲೆ ಮಟ್ಟಸವಾಗಿ ಬಿದ್ದರೆ ಆ ಹೊಡೆತವನ್ನೆಲ್ಲ ಬೆನ್ನೆಲುಬಿನ ಮಣಿಗಳು ತಾಳಬೇಕಾಗುತ್ತದೆ, ಮಣಿ ಮುರಿದುಕೊಂಡವರಿದ್ದಾರೆ. ಎತ್ತರ ಹೆಚ್ಚಾದಂತೆ ಮೂತಿಯನ್ನು ಇನ್ನಷ್ಟು ತಗ್ಗಿಸಿ, ಗಾಳಿ ತುಂಬಿದ ಬಿಳಿನೊರೆಯನ್ನೇ ಗುರಿಯಿಟ್ಟು ಇಳಿಯುವುದು ಇದರಿಂದಲೇ. ಅಮೆರಿಕದ ಟೈಲರ್ ಬ್ರಾಟ್ 2009ರಲ್ಲಿ ವಾಷಿಂಗ್ಟನ್ ರಾಜ್ಯದ ಪಲೂಸ್ ಜಲಪಾತವನ್ನು, ಸುಮಾರು 57 ಮೀಟರ್, ಇಳಿದದ್ದು ಹೀಗೆ ಮೂತಿ ಕೆಳಗಾಗಿಯೇ.

ದೋಣಿ

1927ರಲ್ಲಿ ಆಸ್ಟ್ರಿಯಾದ ಎಡಿ ಪವ್ಲಾಟ, ಗ್ರೀನ್‌ಲ್ಯಾಂಡಿನ ಬೇಟೆಗಾರರ ವಿಧಾನವನ್ನು ಓದಿ ತಿಳಿದು, ಮಗುಚಿದ ಕಯಾಕನ್ನು ಕೂತಲ್ಲೇ ಹೊರಳಿಸಿ ಎತ್ತುವುದನ್ನು ಸಾಧಿಸಿದರು. ಅದು ಯುರೋಪಿನಲ್ಲಿ ರಭಸದ ನೀರಿನ ಕಯಾಕ್ ಕ್ರೀಡೆಗೆ ದಾರಿ ತೆರೆಯಿತು. ಆದರೆ ಅಂದಿನ ಬಟ್ಟೆ ಹೊದಿಸಿದ ಮಡಚುದೋಣಿಗಳೂ, ನಂತರ ಬಂದ ಫೈಬರ್‌ಗ್ಲಾಸ್ ದೋಣಿಗಳೂ ಕಲ್ಲಿನ ಹೊಡೆತ ತಾಳುವಂಥವಲ್ಲ. 1970ರ ದಶಕದಲ್ಲಿ ಅಮೆರಿಕದ ಹಾಲೋಫಾರ್ಮ್ ಕಂಪನಿ ಅಚ್ಚನ್ನು ತಿರುಗಿಸುತ್ತ ಎರಕ ಹೊಯ್ದ ಪಾಲಿಥಿಲೀನ್ ಕಯಾಕನ್ನು ತಂದದ್ದು, ಬಳಿಕ ಪರ್ಸೆಪ್ಷನ್ ಮುಂತಾದ ಕಂಪನಿಗಳು ಅದನ್ನು ಮುಂದುವರಿಸಿದ್ದು ನಿರ್ಣಾಯಕ. ಈ ಪ್ಲಾಸ್ಟಿಕ್ ಕಲ್ಲಿಗೆ ಬಡಿದು ತಗ್ಗಾದೀತು, ಒಡೆಯುವುದು ಅಪರೂಪ. ಈ ಕ್ರೀಡೆಯ ನಿಜವಾದ ಆರಂಭ ಇಲ್ಲಿಂದಲೇ ಎಂದರೆ ಅತಿಶಯವಲ್ಲ.

ಇಂದಿನ ಕ್ರೀಕ್ ದೋಣಿ ಗಿಡ್ಡ, ಗುಂಡು, ಒಳಗಾತ್ರ ಹೆಚ್ಚು. ಎರಡೂ ತುದಿ ಮೇಲಕ್ಕೆ ಬಾಗಿರುತ್ತವೆ. ಕಾಲಿಗೆ ಗೂಟಗಳ ಬದಲು ಅಗಲ ಹಲಗೆ: ಮೂತಿ ಬಂಡೆಗೆ ಅಪ್ಪಳಿಸಿದಾಗ ಪಾದ ಜಾರಿ ಒಳಗೆ ಸಿಕ್ಕಿಕೊಳ್ಳದಿರಲೆಂದು. ಕೂರುವ ಬಾಯಿಯೂ ದೊಡ್ಡದು, ದೋಣಿ ನಾಟಿಕೊಂಡರೆ ಮೊಣಕಾಲೆತ್ತಿ ಹೊರಬರಲು ಸಾಧ್ಯ.

ಗ್ರೀನ್ ನ್ಯಾರೋಸ್

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಸಲೂಡಾ ಊರಿನ ಬಳಿಯ ಗ್ರೀನ್ ನದಿಯ ಈ ಕಣಿವೆ ಕ್ರೀಕಿಂಗ್‌ನ ಬಹುಚರ್ಚಿತ ತಾಣ. ಮೇಲಿನ ಸಮಿಟ್ ಸರೋವರದಿಂದ ಜಲವಿದ್ಯುತ್ತಿಗಾಗಿ ನೀರು ಬಿಡುತ್ತಿದ್ದುದರಿಂದ ಮಳೆಯಿಲ್ಲದ ದಿನಗಳಲ್ಲೂ ಇಲ್ಲಿ ಹರಿವಿರುತ್ತಿತ್ತು. ಇಳಿಯುವ ಒಂದೇ ದಾರಿಯನ್ನು ವರ್ಷವಿಡೀ ಅಭ್ಯಾಸ ಮಾಡುವ ಈ ಅವಕಾಶ ಬೇರೆ ತೊರೆಗಳಲ್ಲಿ ದುರ್ಲಭ, ಹಾಗಾಗಿ ಇಲ್ಲಿ ಪಳಗಿದವರ ಸಂಖ್ಯೆ ದೊಡ್ಡದು. 1996ರಲ್ಲಿ ಆರಂಭವಾದ ಗ್ರೀನ್ ರೇಸ್ ಎಂಬ ಸ್ಪರ್ಧೆ ನವೆಂಬರಿನ ಮೊದಲ ಶನಿವಾರ ನಡೆಯುವ ಪದ್ಧತಿಯಿತ್ತು. ಸ್ಪರ್ಧಿಗಳು ಒಬ್ಬೊಬ್ಬರಾಗಿ ಹೊರಡುತ್ತಿದ್ದರು; ಪ್ರೇಕ್ಷಕರು ಕಾಡುಹಾದಿಯಲ್ಲಿ ಇಳಿದುಬಂದು ಗೊರಿಲ್ಲಾ ಎಂಬ ಇಳಿತದ ಬಂಡೆಗಳ ಮೇಲೆ ಸೇರುತ್ತಿದ್ದರು. ನದಿಯೆಲ್ಲ ನಾಚ್ ಎಂಬ ಇಕ್ಕಟ್ಟು ಸಂದಿನಲ್ಲಿ ನುಗ್ಗಿ ಅಲ್ಲಿ ಧುಮುಕುತ್ತಿತ್ತು. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತದ ಪ್ರವಾಹ ಬಂಡೆಗಳನ್ನು ಉರುಳಿಸಿ ಈ ಕಣಿವೆಯ ಹಲವು ಇಳಿತಗಳ ರೂಪವನ್ನೇ ಬದಲಿಸಿತು. ಅದಕ್ಕೆ ಮುಂಚಿನ ವಿವರಣೆಗಳನ್ನು ನಂಬಿ ಈಗ ಇಳಿಯುವುದು ಸಲ್ಲದು.

ಪಶ್ಚಿಮ ಘಟ್ಟದಲ್ಲಿ

ಭಾರತದ ದಕ್ಷಿಣದಲ್ಲಿ ಈ ಕ್ರೀಡೆ ಮುಂಗಾರಿನದು. ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಕೋಡಂಚೇರಿ ಸುತ್ತಮುತ್ತ, ಚಾಲಿಪ್ಪುಳ ಮತ್ತು ಇರುವಂಜಿಪ್ಪುಳ ಹೊಳೆಗಳಲ್ಲಿ, 2013ರಿಂದ ಮಲಬಾರ್ ರಿವರ್ ಫೆಸ್ಟಿವಲ್ ನಡೆಯುತ್ತ ಬಂದಿದೆ. ವಿದೇಶಿ ಕಯಾಕರ್‌ಗಳೂ ಅಲ್ಲಿಗೆ ಬರುತ್ತಾರೆ. ಕರ್ನಾಟಕದಲ್ಲಿ ದಕ್ಷಿಣ ಕೊಡಗಿನ ಬರಪೊಳೆ ಮಳೆಗಾಲದ ರಾಫ್ಟಿಂಗ್‌ಗೆ ಹೆಸರಾದದ್ದು. ದಾಂಡೇಲಿಯ ಕಾಳಿ ನದಿಯದು ಅಣೆಕಟ್ಟಿನ ನೀರು, ಬೇರೆಯೇ ಸ್ವಭಾವ. ಘಟ್ಟದ ತೊರೆಗಳು ಒಂದೇ ಮಳೆಗೆ ಗಂಟೆಗಳಲ್ಲಿ ಏರುತ್ತವೆ, ಪ್ರತಿ ಮಳೆಗಾಲವೂ ಹೊಸ ಮರಗಳನ್ನು ತಂದು ಅಡ್ಡಹಾಕುತ್ತದೆ. ಇಲ್ಲಿ ಇಳಿದವರು ಯಾವ ಇಳಿತದಲ್ಲಿ ಸಂದಿದೆ, ಎಲ್ಲಿ ದಡ ಹತ್ತಬೇಕು, ಎಷ್ಟು ನೀರಿದ್ದಾಗ ಹಿಂದಿರುಗಬೇಕು ಎಂಬುದನ್ನು ಕನ್ನಡದಲ್ಲಿ ಬರೆದಿಡಬೇಕು. ಮುಂದೆ ಬರುವವರ ಜೀವ ಅದರ ಮೇಲೆ ನಿಂತಿದೆ.